ಡಿಕ್ಕಿಯೊಳಗಿನ ಫೈಬರ್ ಪೀಠದ ಚರಿತ್ರೆ

ನಮ್ಮ ವಾಚನಾಲಯದ ಈ ಪುಸ್ತಕಕ್ಕೆ ಎಲ್ಲರೂ ಒಂದೊಂದು ಚರಿತ್ರೆಯ ಲೇಖನ ಕೊಡಬೇಕು ಅಂತ ಠರಾವು ಆದಾಗ, ಒಬ್ಬರು ಅಗಸಿ ಮುಂದಿನ ವೀರಗಲ್ಲಿನ ಬಗ್ಗೆ ಬರೀತೀನಿ ಅಂದರು, ಇನ್ನೊಬ್ಬರು ಕೆರೆಯ ಬಗ್ಗೆ ಅಂದರು. ನನ್ನ ಪಾಳಿ ಬಂದಾಗ ನಾನು, ‘ಕಾರಿನ ಡಿಕ್ಕಿಯೊಳಗ ಆಂಪ್ಲಿಫೈಯರ್ ಕೂಡ್ರಸೋ ಫೈಬರ್ ಪೀಠದ ಬಗ್ಗೆ ಬರೀತೀನಿ’ ಅಂದೆ. ಕುಂತವರು ನಕ್ಕರು. ಮಾಸ್ತರರೊಬ್ಬರು, ‘ಅದರಾಗ ಚರಿತ್ರೆ ಏನೈತ್ರಿ ಅಜ್ಜಾರ?’ ಅಂತ ಕೇಳಿದರು. ಅದಕ್ಕ ಉತ್ತರವಾಗಿ ಇದನ್ನು ಬರೆದಿದ್ದೇನೆ. ನಾನು ಕಲಿತದ್ದು ಏಳನೇ ಇಯತ್ತೆ. 1972ರ ಬರಗಾಲದಲ್ಲಿ ಸಾಲಿ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಾನು ಒಕ್ಕಲುತನ ಮಾಡೋನು, ಗೀಗೀ ಪದ ಹಾಡೋನು. ನಮ್ಮ ಮೇಳದಲ್ಲಿ ಒಂದು ದಪ್ಪು, ಒಂದು ತುಂತುಣಿ, ಒಂದು ಜೋಡಿ ತಾಳ. ಮುಂದ ಒಬ್ಬ ಹಾಡತಾನ, ಹಿಂದ ಇಬ್ಬರು ಗೀ ಗೀ ಅಂತ ದನಿ ಎತ್ತತಾರ. ನಮ್ಮ ಅಪ್ಪನ ಕಾಲಕ್ಕ ಮೈಕ್ ಇರಲಿಲ್ಲ. ಹೊಲದ ಬದುವಿನ ಮ್ಯಾಲ ನಿಂತು ಆಚೆ ಹೊಲದವನಿಗೆ ಕೇಳುವಂಗ ದನಿ ತೆಗೆದು ರೂಢಿ ಮಾಡಿಕೊಳ್ಳತಿದ್ದರು. ಕಿವಿ ಮ್ಯಾಲ ಕೈ ಇಟ್ಟುಕೊಂಡು ಹಾಡೋದು ಚೆಂದಕ್ಕಲ್ಲ, ತನ್ನ ದನಿ ತನಗ ಕೇಳಬೇಕಂತ.

ದನಿಯನ್ನು ದೊಡ್ಡದು ಮಾಡೋ ಯಂತ್ರ ಬಹಳ ಹಳೇದೇನಲ್ಲ. ಅಮೆರಿಕಾದ ಸ್ಯಾನ್‌ಫ್ರಾನ್ಸಿಸ್ಕೋ ಊರಾಗ 1915ರ ಕ್ರಿಸ್‌ಮಸ್ ಹಿಂದಿನ ದಿನ ಜೆನ್ಸನ್, ಪ್ರಿಡಮ್ ಅನ್ನೋ ಇಬ್ಬರು ಸಾವಿರಾರು ಜನರ ಮುಂದ ಧ್ವನಿವರ್ಧಕ ಹಚ್ಚಿ ತೋರಿಸಿದರು. ನಮ್ಮ ದೇಶದಾಗ ಗಾಂಧೀಜಿಯವರ ದೊಡ್ಡ ಸಭೆಗಳ ಫೋಟೋ ನೋಡಿದರೆ ಮೈಕಿನ ಮ್ಯಾಲ ‘ಶಿಕಾಗೋ ರೇಡಿಯೋ’ ಅಂತ ಬರೆದದ್ದು ಕಾಣತೈತಿ. ಹೆಸರು ಪರದೇಶದ್ದಾದರೂ ಅದನ್ನು ನಡೆಸಿದವರು ನಮ್ಮ ದೇಶದ ಮೋಟ್ವಾನಿ ಮನೆತನದವರು. 1940ರಿಂದ ಇರುವ ಅಹುಜಾ ಕಂಪನಿಯ ಮೈಕ್ ಸೆಟ್ಟುಗಳು ಹಳ್ಳಿ ಹಳ್ಳಿ ಮುಟ್ಟಿದವು. ನಮ್ಮೂರ ಜಾತ್ರಿಗೆ ಮೊದಲ ಸಲ ಮೈಕ್ ಬಂದಾಗ ಅದನ್ನು ಚಕ್ಕಡಿಯೊಳಗ ಹುಲ್ಲು ಹಾಸಿ ತಂದಿದ್ದರು. ಬೇವಿನ ಗಿಡಕ್ಕ ಕರ್ಣ ಕಟ್ಟಿದರು. ಕರೆಂಟ್ ಇಲ್ಲದ್ದಕ್ಕ ಲಾರಿಯ ಬ್ಯಾಟರಿ ಹಚ್ಚಿದರು. ಆವತ್ತು ಆ ಯಂತ್ರಕ್ಕ ಹಾಸಿದ ಹುಲ್ಲೇ ಮೊದಲನೇ ಪೀಠ ಅಂತ ತಿಳೀರಿ. ಯಂತ್ರ ದೊಡ್ಡದಿರಲಿ ಸಣ್ಣದಿರಲಿ, ಅದು ಅಲುಗಾಡದಂಗ ಕೂಡ್ರಬೇಕು. ಅದನ್ನ ಹೇಳಾಕ ಇಷ್ಟೆಲ್ಲಾ ಬರೀತಿದ್ದೇನೆ.

ಈಗ ಗೋವಾದ ಮಾತಿಗೆ ಬರತೀನಿ. ನಮ್ಮ ಕಡೆಯ ಮಂದಿಗೆ ಗೋವಾ ಅಂದರೆ ಸಮುದ್ರ ನೋಡೋ ಊರಲ್ಲ, ಕೂಲಿ ಸಿಗೋ ಊರು. ಪೋರ್ತುಗೀಜರ ಕಾಲಕ್ಕೇ, 1888ರ ಹೊತ್ತಿಗೆ, ಮುರಗಾಂವ ಬಂದರದಿಂದ ದೂಧಸಾಗರದ ಬದಿಯಲ್ಲಿ ಕ್ಯಾಸಲ್‌ರಾಕ್ ತನಕ ರೈಲು ಹತ್ತಿ ಬಂತು. ಅತ್ತ ನಮ್ಮ ಹತ್ತಿ, ಕಾಳು ಹೋದವು. 1961ರ ಡಿಸೆಂಬರ್ 19ಕ್ಕ ಗೋವಾ ಬಿಡುಗಡೆ ಆದ ಮ್ಯಾಲ ಬಂದರ, ಗಣಿ, ರಸ್ತೆ, ಕಟ್ಟಡ ಅಂತ ಕೆಲಸ ಬೆಳೆದವು. ಮಳಿ ಹೋದ ವರ್ಷ ನಮ್ಮ ಮಂದಿ ಬುತ್ತಿ ಕಟಗೊಂಡು ಅದೇ ರೈಲು ಹತ್ತಿದರು. 1972ರಾಗ ನಮ್ಮ ಅಪ್ಪನೂ ಹೋದ, ಎರಡು ವರ್ಷ ಕಲ್ಲು ಹೊತ್ತು ಬಂದ. ಇವತ್ತು ವಾಸ್ಕೋ, ಬೈನಾ, ಜುವಾರಿನಗರ, ಮಾಪಸಾ ಎಲ್ಲಿ ಹೋದರೂ ಬಿಜಾಪುರ, ಗದಗ, ಕೊಪ್ಪಳ, ಬೆಳಗಾವಿ ಕಡೆಯ ಮಾತು ಕಿವಿಗೆ ಬೀಳತೈತಿ. ಮಂದಿ ಹೋದಲ್ಲಿ ಅವರ ಹಬ್ಬ ಹೋಗತಾವ, ಹಬ್ಬ ಹೋದಲ್ಲಿ ನಮ್ಮಂಥ ಹಾಡೋರೂ ಹೋಗಬೇಕಾಗತೈತಿ. ಯುಗಾದಿಗೆ, ಬಸವ ಜಯಂತಿಗೆ, ರಾಜ್ಯೋತ್ಸವಕ್ಕ ಅಂತ ನಾವು ವರ್ಷಕ್ಕ ಮೂರು ನಾಲ್ಕು ಸಲ ಘಟ್ಟ ಇಳೀತಿದ್ದಿವಿ.

ಮೊದಲು ಬಸ್ಸಿನ ಮ್ಯಾಲ ಮೈಕ್ ಸೆಟ್ ಕಟಗೊಂಡು ಹೋಗತಿದ್ದಿವಿ. 2010ರಾಗ ನಾವು ನಾಲ್ಕು ಮಂದಿ ರೊಕ್ಕ ಕೂಡಿಸಿ ಒಂದು ಹಳೇ ಅಂಬಾಸಿಡರ್ ಕಾರ್ ತಗೊಂಡಿವಿ. ಅದರ ಡಿಕ್ಕಿ ನಮ್ಮ ಕಣಜ ಇದ್ದಂಗ, ದಪ್ಪು ತಾಳ ಎಲ್ಲಾ ಹಿಡೀತಿದ್ದವು. ಕಾರಿನ ಬ್ಯಾಟರಿಯಿಂದಲೇ ನಡೆಯೋ ಆಂಪ್ಲಿಫೈಯರ್ ಒಂದು ಹಾಕಿಸಿದಿವಿ, ಮೈಕಿಗೆ ಸಣ್ಣದೊಂದು ಮಿಕ್ಸರ್, ಮ್ಯಾಲ ಕ್ಯಾರಿಯರ್‌ಗೆ ಎರಡು ಸ್ಪೀಕರ್. ಎಲ್ಲಿ ಬೇಕಲ್ಲಿ ಕಾರ್ ನಿಲ್ಲಿಸಿ ಡಿಕ್ಕಿ ತೆಗೆದರೆ ಹಾಡಿಕಿ ಶುರು. ಕರೆಂಟಿನ ಹಂಗಿಲ್ಲ, ಪೆಂಡಾಲ್ ಹಂಗಿಲ್ಲ.

ಕಾರಿನಲ್ಲಿ ಇಂಥದ್ದು ಕೂಡ್ರಿಸೋದೂ ಒಂದು ಚರಿತ್ರೆಯೇ. 1930ರಾಗ ಅಮೆರಿಕಾದಲ್ಲಿ ಗಾಲ್ವಿನ್ ಅಣ್ಣತಮ್ಮಂದಿರು ಕಾರಿನೊಳಗ ಹಾಕೋ ರೇಡಿಯೋ ಮಾಡಿ ಮಾರಿದರು. ಅದರ ಹೆಸರು ಮೋಟೊರೋಲಾ. ಆಗ ಗಾಜಿನ ವಾಲ್ವ್ ಇದ್ದವು, ರಸ್ತೆ ಕುಲುಕಿದರೆ ಕೆಟ್ಟು ಹೋಗತಿದ್ದವು. 1947ರ ಕೊನಿಗೆ ಟ್ರಾನ್ಸಿಸ್ಟರ್ ಹುಟ್ಟಿತು. ಆಮ್ಯಾಲ ಯಂತ್ರ ಸಣ್ಣದಾತು, ಗಟ್ಟಿಯಾತು, ಡಿಕ್ಕಿಯೊಳಗ ಹಿಡಿಯುವಂಗ ಆತು.

ನಮ್ಮ ತಪ್ಪೇನಂದರೆ ಅಷ್ಟು ರೊಕ್ಕದ ಯಂತ್ರವನ್ನು ನಾವು ಒಂದು ಹಲಗಿ ಮ್ಯಾಲ ಇಟ್ಟು ಹಗ್ಗ ಬಿಗಿದಿದ್ದಿವಿ. 2011ರ ಯುಗಾದಿಗೆ ಜುವಾರಿನಗರಕ್ಕ ಹೊರಟಾಗ ಅನಮೋಡ ಘಾಟಿನ ತಿರುವಿನಲ್ಲಿ ಹಲಗಿ ಜಾರಿತು. ಕರೆಂಟಿನ ಕೆಂಪು ವೈರ್ ಕಿತ್ತು ಕಾರಿನ ಕಬ್ಬಿಣಕ್ಕ ತಾಗಿತು. ಸುಟ್ಟ ವಾಸನೆ ಬಂತು, ಹಿಂದಿನ ಸೀಟಿನಿಂದ ಹೊಗಿ ಬಂತು. ಫ್ಯೂಜ್ ಹಾಕಿಸಿರಲಿಲ್ಲ. ತಾಳದವನು ಓಡಿ ಹೋಗಿ ಬಾನೆಟ್ ತೆಗೆದು ಬರಿಗೈಲೆ ಬ್ಯಾಟರಿಯ ವೈರ್ ಕಿತ್ತ. ಅಂಗೈ ಸುಟ್ಟಿತು, ಕಾರ್ ಉಳೀತು.

ಆ ರಾತ್ರಿ ಮೈಕ್ ಇಲ್ಲದೇ ಹಾಡಿದಿವಿ. ಇನ್ನೂರು ಮಂದಿ ಸುತ್ತ ಕುಂತಿದ್ದರು. ಮುಂದ ಕುಂತ ಮುದುಕರು, ‘ಎಷ್ಟ ದಿನದ ಮ್ಯಾಲ ಬರೇ ಗಂಟಲಿನ ಪದ ಕೇಳಿದಿವೋ ಯಪ್ಪಾ’ ಅಂತ ಖುಷಿ ಪಟ್ಟರು. ನನಗೂ ಉಬ್ಬು ಬಂತು. ಆದರ ಮುಗಿದ ಮ್ಯಾಲ ಹಿಂದ ನಿಂತಿದ್ದ ಹೆಣ್ಣುಮಕ್ಕಳು ಬಂದು, ‘ಅಣ್ಣಾ, ನಮಗ ಏನೂ ಕೇಳಲಿಲ್ಲ’ ಅಂದರು. ಅವರು ಮಂದಿಯ ಮನ್ಯಾಗ ಭಾಂಡೆ ತಿಕ್ಕಿ, ಮನಿಗೆ ಬಂದು ರೊಟ್ಟಿ ಬಡಿದಿಟ್ಟು, ಎಲ್ಲರಿಗಿಂತ ತಡವಾಗಿ ಬಂದವರು. ತಡವಾಗಿ ಬಂದವರಿಗೆ ಹಿಂದಿನ ಜಾಗಾನೇ ಗತಿ. ಮೈಕ್ ಯಾಕ ಬೇಕು ಅನ್ನೋದು ನನಗ ಅವತ್ತು ತಿಳೀತು. ಅದು ಮುಂದ ಕುಂತವರಿಗೆ ಅಲ್ಲ.

ಅಲ್ಲಿ ನನ್ನ ತಂಗಿ ಮಗ ಇದ್ದ. ಮೊದಲು ನಮ್ಮ ಮೇಳದಾಗ ಹಿಮ್ಮೇಳದ ದನಿ ಅವನದೇ. ಹದಿನೆಂಟು ವರ್ಷಕ್ಕ ಗೋವಾಕ್ಕ ಹೋಗಿ ಮೀನುಗಾರರ ದೋಣಿ ಮಾಡೋ ಶೆಡ್ಡಿನಾಗ ಫೈಬರ್ ಕೆಲಸ ಕಲಿತ, ಆಮ್ಯಾಲ ವಾಸ್ಕೋದಾಗ ಕಾರಿನ ಸೌಂಡ್ ಹಾಕೋ ಅಂಗಡಿ ಸೇರಿದ್ದ. ಕಾರ್ ನೋಡಿ ತಲಿ ಹೊಡಕೊಂಡ. ‘ಮಾಮಾ, ಎತ್ತಿನ ಕೊಳ್ಳಿಗೆ ನೊಗ ಹೊಂದಲಿಲ್ಲಂದ್ರ ಗಾಯ ಆಗತೈತಿಲ್ಲೋ? ಇದೂ ಹಂಗ. ಡಿಕ್ಕಿ ಮೈಗೆ ಹೊಂದೋವಂಗ ಒಂದು ಪೀಠ ಮಾಡಿ ಕೊಡತೀನಿ, ಮಳಿ ಶುರು ಆಗೋದ್ರಾಗ ಬಾ’ ಅಂದ.

ಈ ಫೈಬರ್ ಅನ್ನೋದು ಏನು ಅಂತ ಹೇಳತೀನಿ. ಹೆಸರಿನಾಗ ಪ್ಲಾಸ್ಟಿಕ್ ಅನಿಸಿದರೂ ಅದರ ನಾರು ಗಾಜಿಂದು. ಕಿಟಕಿಯ ಗಾಜು ಯಾವುದರಿಂದ ಆಗತೈತೋ ಅದೇ ಉಸುಕಿನ ಜಾತಿಯ ಗಾಜನ್ನು ಕರಗಿಸಿ ಕೂದಲಿಗಿಂತ ಸಣ್ಣ ಎಳಿ ಎಳೀತಾರ. 1932ರಾಗ ಅಮೆರಿಕಾದ ಓಹಾಯೋ ಸೀಮೆಯಲ್ಲಿ ಡೇಲ್ ಕ್ಲೈಸ್ಟ್ ಅನ್ನೋ ಹುಡುಗ ಗಾಜಿನ ಇಟ್ಟಿಗಿ ಜೋಡಿಸೋ ಪ್ರಯತ್ನ ಮಾಡತಿದ್ದ. ಜೋರಾಗಿ ಬಂದ ಗಾಳಿ ಕರಗಿದ ಗಾಜಿಗೆ ಬಡಿದು ಅದು ಎಳಿ ಎಳಿಯಾಗಿ ಹಾರಿತು. ಕೆಟ್ಟ ಕೆಲಸವೇ ಒಳ್ಳೇ ದಾರಿ ತೋರಿಸಿತು. ಅದನ್ನು ಸ್ಲೇಟರ್ ಅನ್ನೋ ಎಂಜಿನಿಯರ್ ತಿದ್ದಿ ತೀಡಿದ. 1938ರಾಗ ಅದಕ್ಕೇ ಒಂದು ಕಂಪನಿ ನಿಂತಿತು. ಅದೇ ಹೊತ್ತಿಗೆ ಪಾಲಿಯೆಸ್ಟರ್ ರೆಸಿನ್ ಅನ್ನೋ ಅಂಟೂ ತಯಾರಾಗಿತ್ತು. ನಾವು ಗ್ವಾಡಿಯ ಮಣ್ಣಿಗೆ ಹೊಟ್ಟು ಕಲಸೂದಿಲ್ಲೇನು? ಮಣ್ಣು ಬರೇ ಇದ್ದರೆ ಬಿರಿತೈತಿ, ಹೊಟ್ಟು ಬರೇ ಇದ್ದರೆ ಹಾರತೈತಿ, ಎರಡೂ ಕೂಡಿದರೆ ಗ್ವಾಡಿ ನಿಲ್ಲತೈತಿ. ಇಲ್ಲಿ ಗಾಜಿನ ನಾರು ಹೊಟ್ಟು, ರೆಸಿನ್ ಮಣ್ಣು.

ಎರಡನೇ ಮಹಾಯುದ್ಧದ ಕಾಲಕ್ಕ ಇದರಿಂದ ದೋಣಿ ಮಾಡಿದರು. 1953ರಾಗ ಶೆವ್ರೊಲೆ ಕಂಪನಿ ಕಾರ್ವೆಟ್ ಅನ್ನೋ ಕಾರಿನ ಇಡೀ ಮೈಯನ್ನೇ ಫೈಬರ್‌ದಿಂದ ಮಾಡಿ, ಆ ವರ್ಷ 300 ಕಾರ್ ಹೊರಗ ಬಿಟ್ಟಿತು. ಅದು ದೂರದ ಮಾತಾತು ಅಂದರೆ ನಮ್ಮ ಬೆಂಗಳೂರಿನ ಮಾತು ಕೇಳ್ರಿ. 1970ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರ ಕಾರಖಾನೆಯಿಂದ ಬಾದಲ್ ಅನ್ನೋ ಮೂರು ಗಾಲಿಯ ಗಾಡಿ ಬಂತು. 1982ರಾಗ ಡಾಲ್ಫಿನ್ ಅನ್ನೋ ನಾಲ್ಕು ಗಾಲಿಯ ಸಣ್ಣ ಕಾರ್ ಬಂತು. ಎರಡರ ಮೈಯೂ ಫೈಬರ್. ನಾನು ಧಾರವಾಡದಾಗ ಒಂದು ಡಾಲ್ಫಿನ್ ನೋಡಿದ್ದೆ. ಬೆರಳಿನಿಂದ ಬಡಿದರೆ ತಗಡಿನ ಸಪ್ಪಳ ಬರಲಿಲ್ಲ, ಒಣ ಕುಂಬಳಕಾಯಿ ಬಡಿದಂಗ ಬಂತು.

ಗೋವಾದಾಗ ಫೈಬರ್ ಬೇರೂರಿದ್ದು ನೀರಿನ ದೆಸೆಯಿಂದ. ಅಲ್ಲಿ ಮೊದಲು ಮರದ ಹಲಗಿಗಳನ್ನ ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಮಾಡತಿದ್ದರು, ಗೇರೆಣ್ಣಿ ಬಳೀತಿದ್ದರು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿತೈತಿ, ಮರಕ್ಕ ಹುಳ ಬೀಳತೈತಿ. ಫೈಬರ್‌ಗೆ ಇವೆರಡೂ ಕಾಟ ಇಲ್ಲ. ಹಂಗಾಗಿ ಒಂದೊಂದೇ ಫೈಬರ್ ದೋಣಿ ಬಂದು ಈಗ ದಂಡಿ ತುಂಬ ಅವೇ ಕಾಣತಾವ. ದಿವಾಡಿ ದ್ವೀಪದ ಅಕ್ವೇರಿಯಸ್ ಅನ್ನೋ ಫೈಬರ್ ಕಾರಖಾನೆಯಲ್ಲಿ ನಮ್ಮ ನೌಕಾಪಡೆಗೆ ಒಂದು ಹಾಯಿ ಹಡಗು ಕಟ್ಟಿದರು. 56 ಅಡಿ ಉದ್ದ. ಒಳಗ ಮರದ ಪಟ್ಟಿ, ಮ್ಯಾಲ ಗಾಜಿನ ನಾರಿನ ಹೊದಿಕಿ. 2009ರಾಗ ಅದು ನೌಕಾಪಡೆಗೆ ಸೇರಿತು. ಅದೇ ವರ್ಷ ಆಗಸ್ಟ್‌ನಲ್ಲಿ ದಿಲೀಪ್ ದೋಂದೆ ಅನ್ನೋ ಅಧಿಕಾರಿ ಒಬ್ಬರೇ ಅದನ್ನ ನಡೆಸಿಕೊಂಡು ಮುಂಬೈಯಿಂದ ಹೊರಟು, ಭೂಮಿ ಸುತ್ತಿ, 2010ರ ಮೇ ತಿಂಗಳಿಗೆ ತಿರುಗಿ ಬಂದರು. ಆಮ್ಯಾಲ ಅಭಿಲಾಷ್ ಟಾಮಿ ಅನ್ನೋರು 2012ರ ನವೆಂಬರ್‌ದಿಂದ 2013ರ ಮಾರ್ಚ್ ತನಕ ಎಲ್ಲೂ ನಿಲ್ಲಿಸದೇ ಅದೇ ಹಡಗಿನಾಗ ಸುತ್ತಿ ಬಂದರು. ಅಲ್ಲೇ ಕಟ್ಟಿದ ತಾರಿಣಿ ಅನ್ನೋ ಇನ್ನೊಂದು ಹಡಗಿನಲ್ಲಿ ಆರು ಮಂದಿ ಹೆಣ್ಣುಮಕ್ಕಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು 2018ರ ಮೇನಲ್ಲಿ ಮರಳಿದರು.

ಆ ಮೊದಲನೇ ಹಡಗಿನ ಹೆಸರು ಮ್ಹಾದೇಯಿ. ಅಂದರೆ ನಮ್ಮ ಖಾನಾಪುರ ತಾಲೂಕಿನ ಕಾಡಿನಾಗ ಹುಟ್ಟೋ ಮಹಾದಾಯಿ. ನಮ್ಮ ಮಲಪ್ರಭಾ ಹುಟ್ಟೋದೂ ಅದೇ ತಾಲೂಕಿನ ಕಣಕುಂಬಿಯಲ್ಲಿ. ಒಬ್ಬಾಕಿ ಮೂಡಲಕ್ಕ ಹರದು ನಮ್ಮ ಹೊಲಕ್ಕ ಬಂದಳು, ಒಬ್ಬಾಕಿ ಪಡುವಲಕ್ಕ ಹರದು ಗೋವಾ ಸೇರಿದಳು. ಅವರ ನೀರಿನ ಸಲುವಾಗಿ ಎರಡು ರಾಜ್ಯ ಕೋರ್ಟು ಹತ್ಯಾವ, ಅದು ಬ್ಯಾರೆ ಮಾತು. ನಮ್ಮ ಹುಡುಗ ಆ ಕಾರಖಾನೆಯಲ್ಲಿ ಇದ್ದವನಲ್ಲ. ಆದರ ಅವನ ಕೈ ಮಾಡೋ ಕೆಲಸ ಅದೇ ಜಾತಿಯದು. ಭೂಮಿ ಸುತ್ತಿದ ಹಡಗಿನ ಮೈಗೂ ನನ್ನ ಡಿಕ್ಕಿಯ ಪೀಠಕ್ಕೂ ನಾರು ಒಂದೇ.

ಹೇಳಿದ ಮಾತಿಗೆ ತಪ್ಪಿ ನಾನು ಹೋದದ್ದು ಆಷಾಢದಾಗ. ಗೋವಾದ ಮಳಿ ನಿಮಗ ಗೊತ್ತೈತಿ. ಎರಡು ದಿನ ಕೆಲಸ ಮಾಡಿದ, ಪೀಠ ಗಟ್ಟಿ ಆಗಲೇ ಇಲ್ಲ. ಕೈ ಇಟ್ಟರೆ ಬೆಲ್ಲದ ಪಾಕ ಹತ್ತಿದಂಗ ಹತ್ತಿತು. ನಾರಿನ ಚಾಪಿ ಹಸಿ ಹಿಡಿದಿತ್ತು. ‘ಹೋಗಿ ಬಿತ್ತನಿ ಮುಗಿಸಿ ಬಾ ಮಾಮಾ’ ಅಂದ. ಹಿಂಗಾರಿ ಜೋಳ ಬಿತ್ತಿ, ಎಡೆ ಹೊಡೆದು, ಡಿಸೆಂಬರ್‌ನಲ್ಲಿ ಮತ್ತ ಹೋದೆ. ಆವಾಗ ನಾಲ್ಕು ದಿನ ಬಾಜೂ ಕುಂತು ನೋಡಿದೆ. ನೋಡಿದ್ದನ್ನ ಹಂಗೇ ಬರೀತೀನಿ.

ಮೊದಲನೇ ದಿನ ಡಿಕ್ಕಿಯ ಹಾಸು ತೆಗೆದು ಒರಸಿದ. ಕಾರಿನ ಬಣ್ಣಕ್ಕ ರೆಸಿನ್ ಹತ್ತಬಾರದು ಅಂತ ಕಾಗದದ ಅಂಟುಪಟ್ಟಿ ಎರಡು ಸುತ್ತು ಹಚ್ಚಿದ, ಅದರ ಮ್ಯಾಲ ರೊಟ್ಟಿ ಸುತ್ತತಾರಲ್ಲ ಆ ಬೆಳ್ಳಿ ಕಾಗದ ಹಾಸಿ ಮೇಣ ತಿಕ್ಕಿದ. ಆಮ್ಯಾಲ ಗಾಜಿನ ಚಾಪಿ ಹರಿದು ಹರಿದು ತುಂಡು ಮಾಡಿಕೊಂಡ. ಕತ್ತರಿಸಿದರೆ ಅಂಚು ಎದ್ದು ಕಾಣತೈತಿ, ಹರಿದರೆ ಒಂದರೊಳಗೊಂದು ಕೂಡತೈತಿ. ಆ ಚಾಪಿ ಒಂದು ಚದರ ಮೀಟರಿಗೆ 450 ಗ್ರಾಮ್ ತೂಕದ್ದು. ಒಂದು ಪದರ ಗಟ್ಟಿಯಾದರೆ ಸುಮಾರು ಒಂದು ಮಿಲಿಮೀಟರ್ ದಪ್ಪ.

ರೆಸಿನ್ ಜೇನುತುಪ್ಪದಂಗ ಇರತೈತಿ. ಅದಕ್ಕ ಮೊದಲು ಕೋಬಾಲ್ಟ್ ಅನ್ನೋ ನೇರಳೆ ಬಣ್ಣದ ದ್ರವ ಹಾಕಿ ಚೆಂದಂಗ ಕಲಸಬೇಕು. ಆಮ್ಯಾಲ ಗಟ್ಟಿ ಮಾಡೋ ಹಾರ್ಡನರ್ ಹಾಕಬೇಕು, ಕಿಲೋ ರೆಸಿನ್‌ಗೆ ಹತ್ತರಿಂದ ಇಪ್ಪತ್ತು ಗ್ರಾಮ್. ಈ ಎರಡು ದ್ರವ ಒಂದಕ್ಕೊಂದು ನೇರ ಕೂಡಬಾರದು. ಕೂಡಿದರೆ ಬೆಂಕಿ ಏಳತೈತಿ, ಸಿಡಿತೈತಿ. ಶಾಲೆಯ ವಿಜ್ಞಾನ ಮಾಸ್ತರರು ಇದನ್ನ ಹುಡುಗರಿಗೆ ಹೇಳಬೇಕು. ಕಲಸಿದ ಮ್ಯಾಲ ಹದಿನೈದು ಇಪ್ಪತ್ತು ನಿಮಿಷದಾಗ ಕೆಲಸ ಮುಗೀಬೇಕು. ಇಲ್ಲಂದರೆ ಡಬ್ಬಿಯೊಳಗೇ ಬಿಸಿಯಾಗಿ ಕಲ್ಲಾಗತೈತಿ.

ಬ್ರಷ್‌ನಿಂದ ರೆಸಿನ್ ಬಳಿದು, ಚಾಪಿ ಇಟ್ಟು, ಮತ್ತ ಬ್ರಷ್‌ನಿಂದ ಕುಟ್ಟಿ ಕುಟ್ಟಿ ಕೂಡ್ರಿಸಿದ. ಬಿಳಿ ಚಾಪಿ ರೆಸಿನ್ ಕುಡಿದಂಗ ಕುಡಿದಂಗ ಕಾಣದಂಗ ಆತು. ಒಳಗ ಗಾಳಿಯ ಗುಳ್ಳಿ ಉಳಿದರೆ ಅಲ್ಲೇ ಒಡೀತೈತಿ ಅಂತ ರೋಲರ್‌ದಿಂದ ಒತ್ತಿ ತೆಗೆದ. ಮೂರು ಪದರ ಹಾಕಿ ಬಿಟ್ಟ. ಎರಡನೇ ದಿನ ಎಳೆದು ತೆಗೆದಾಗ ಡಿಕ್ಕಿಯ ಪಕ್ಕಡಿ ಹೆಂಗಿತ್ತೋ ಹಂಗೇ, ಉಬ್ಬು ತಗ್ಗು ಸಮೇತ, ಚಿಪ್ಪು ಎದ್ದು ಬಂತು. ಹಾವು ಪೊರಿ ಬಿಟ್ಟಂಗ.

ಮೂರನೇ ದಿನ ಆ ಚಿಪ್ಪಿನ ಮುಂದ ಪ್ಲೈವುಡ್ಡಿನ ಚೌಕಟ್ಟು ನಿಲ್ಲಿಸಿದ. ಆಂಪ್ಲಿಫೈಯರ್ ಹಚ್ಚೋ ಜಾಗ ಅದು. ಚೌಕಟ್ಟಿಗೂ ಚಿಪ್ಪಿಗೂ ನಡುವ ಬನಿಯನ್ ಬಟ್ಟೆಯಂಥ ಹಿಗ್ಗೋ ಅರಿವಿ ಬಿಗಿದು ಎಳೆದು ಪಿನ್ ಹೊಡೆದ. ಥೇಟ್ ದಪ್ಪಿಗೆ ಚರ್ಮ ಬಿಗಿದಂಗ. ‘ಇದು ನಿನ್ನಿಂದ ಕಲಿತದ್ದು ಮಾಮಾ’ ಅಂತ ನಕ್ಕ. ಅರಿವಿಗೆ ರೆಸಿನ್ ಕುಡಿಸಿದ, ಅದೂ ಗಟ್ಟಿಯಾತು. ಒಳಗಿನಿಂದ ಮತ್ತ ಎರಡು ಪದರ ಚಾಪಿ ಹಾಕಿದ. ನಾಲ್ಕನೇ ದಿನ ಪುಟ್ಟಿ ಹಚ್ಚಿ, ಉಸುಕಿನ ಕಾಗದದಿಂದ ತಿಕ್ಕಿ, ಕಪ್ಪು ರೆಕ್ಸಿನ್ ಹೊದಿಸಿದ.

ಕೂಡ್ರಿಸುವಾಗ ಅವನು ಹೇಳಿದ ಐದು ಮಾತು ನಾನು ನೋಟ್‌ಬುಕ್ಕಿನಲ್ಲಿ ಬರಕೊಂಡೆ. ಬೋಲ್ಟಿಗೆ ತೂತು ಹೊಡೆಯೋ ಮೊದಲು ಕೆಳಗ ಎಣ್ಣಿ ಟ್ಯಾಂಕ್ ಎಲ್ಲೈತಿ ನೋಡಬೇಕು. ಸ್ಟೆಪ್ನಿ ತೆಗೆಯಾಕ ದಾರಿ ಬಿಡಬೇಕು. ಫೈಬರ್ ಕರೆಂಟ್ ಹರಿಯಗೊಡೂದಿಲ್ಲ, ಒಳ್ಳೇದು. ಆದರ ಅದು ಕಾವೂ ಹರಿಯಗೊಡೂದಿಲ್ಲ, ಅದಕ್ಕ ಯಂತ್ರದ ಸುತ್ತ ನಾಲ್ಕು ಬೆರಳು ಗಾಳಿಯಾಡೋ ಜಾಗ ಬೇಕು. ಸ್ಪೀಕರ್ ಡಬ್ಬಿಯ ಮ್ಯಾಲೇ ಆಂಪ್ಲಿಫೈಯರ್ ಹಚ್ಚಬಾರದು, ಅದುರಿ ಅದುರಿ ಒಳಗಿನ ಬೆಸುಗಿ ಬಿಡತೈತಿ. ಕೊನೆಯದು ಫ್ಯೂಜ್. ನಮ್ಮ ಮನೀಗೆ ಬರೋ ಕರೆಂಟ್ 230 ವೋಲ್ಟ್. ಅದರಾಗ 600 ವ್ಯಾಟಿನ ಯಂತ್ರ ನಡೆಸಾಕ ಮೂರು ಆಂಪಿಯರ್ ಸಾಕು. ಕಾರಿನ ಬ್ಯಾಟರಿ ಬರೇ 12 ವೋಲ್ಟ್. ಅಷ್ಟೇ ವ್ಯಾಟಿಗೆ 50 ಆಂಪಿಯರ್ ಹರಿಬೇಕು. ಅದಕ್ಕೇ ಹೆಬ್ಬೆರಳ ಹತ್ತಿರ ದಪ್ಪದ ವೈರ್, ಅದಕ್ಕೇ ಬ್ಯಾಟರಿಯಿಂದ ಒಂದು ಮೊಳದೊಳಗ ಫ್ಯೂಜ್. ಮೊಳದಾಚೆ ಹಾಕಿದರೆ, ನಡುವ ವೈರ್ ಕತ್ತರಿಸಿದಾಗ ಫ್ಯೂಜ್ ಕಾಯೂದಿಲ್ಲ. ಅನಮೋಡ ಘಾಟಿನಾಗ ಸುಟ್ಟ ಅಂಗೈಗೆ ಇದೇ ಕಾರಣ.

ಆ ಪೀಠ ಇವತ್ತಿಗೂ ಐತಿ. ಕಾರ್ ಮಾರಿದಿವಿ, ಪೀಠ ಬಿಚ್ಚಿಕೊಂಡಿವಿ. ಎಷ್ಟೋ ಸಲ ಘಟ್ಟ ಇಳಿದು ಹತ್ತಿದರೂ ಒಂದು ಬೋಲ್ಟ್ ಸಡಿಲ ಆಗಲಿಲ್ಲ. ಮುಂದಿನ ಯುಗಾದಿಗೆ ಜುವಾರಿನಗರದಾಗ ಹಾಡಿದಾಗ ನಾನು ಮೊದಲ ಪದ ಮುಗಿಸಿ ಹಿಂದ ನಿಂತ ಹೆಣ್ಣುಮಕ್ಕಳನ್ನ, ‘ಕೇಳತೈತೇನ್ರೆವಾ?’ ಅಂತ ಕೇಳಿದೆ. ಕೈ ಎತ್ತಿದರು. 2000ದ ಇಸವಿಯಲ್ಲಿ ಬಂದ ನಿಯಮದ ಪ್ರಕಾರ ರಾತ್ರಿ ಹತ್ತಕ್ಕ ಮೈಕ್ ಬಂದ್ ಮಾಡಬೇಕು. ನಾವು ಹತ್ತಕ್ಕ ಐದು ನಿಮಿಷ ಇರೋವಾಗ ಮಂಗಳ ಹಾಡತಿದ್ದಿವಿ.

ಇಲ್ಲಿಗೆ ಮುಗಿಸಿದರೆ ಚರಿತ್ರೆ ಚೆಂದ ಆಗತಿತ್ತು. ಆದರ ಅರ್ಧ ಹೇಳಿದ ಚರಿತ್ರೆ ಸುಳ್ಳಿಗೆ ಸಮ.

ಆ ನಾಲ್ಕು ದಿನ ನಾನು ಅಂಗಡಿಯ ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ಒಳಗ ಕುಂದ್ರಾಕ ಆಗಲಿಲ್ಲ. ರೆಸಿನ್ನಿನ ವಾಸನೆ ಮೂಗಿಗೆ ಹೊಡೆದು ತಲಿ ಸುತ್ತತಿತ್ತು. ನಾಲ್ಕನೇ ದಿನ ತಿಕ್ಕುವಾಗ ಎದ್ದ ಬಿಳಿ ಧೂಳು ಬಿಸಿಲ ಕೋಲಿನಾಗ ಮಿಣಮಿಣ ಹೊಳೀತಿತ್ತು. ಅದು ಗಾಜು. ಅವನ ಮೊಳಕೈ ತನಕ ಕೆಂಪು ಗಂಧೆ ಎದ್ದಿದ್ದವು. ರಾತ್ರಿ ತಣ್ಣೀರಿನಾಗ ತೊಳಕೊಂಡು ಕೊಬ್ಬರಿ ಎಣ್ಣಿ ಹಚ್ಚಿಕೊಳ್ಳತಿದ್ದ. ಮಲಗಿದಾಗ ಕೆಮ್ಮತಿದ್ದ. ‘ಮುಖಕ್ಕ ಏನೂ ಕಟಗೊಳ್ಳೂದಿಲ್ಲೇನ್ಲೇ?’ ಅಂದೆ. ‘ಕರವಸ್ತ್ರ ಕಟ್ಟತೀನಿ ಮಾಮಾ, ಎಲ್ಲಾರೂ ಹಂಗೇ ಮಾಡತಾರ’ ಅಂದ. ನಾನೂ ಸುಮ್ಮನಾದೆ. ಪೀಠ ಚೆಂದ ಆಗತಿತ್ತಲ್ಲ, ಅದರ ಮ್ಯಾಲೇ ನನ್ನ ಕಣ್ಣು. ಇವತ್ತು ಬರೀವಾಗ ಆ ಸುಮ್ಮನಾದದ್ದು ಚುಚ್ಚತೈತಿ.

ಕರವಸ್ತ್ರ ದಪ್ಪ ಧೂಳು ತಡೀಬಹುದು. ಸಣ್ಣ ಧೂಳು ತಡಿಯೂದಿಲ್ಲ, ರೆಸಿನ್ನಿನ ಆವಿಯನ್ನಂತೂ ತಡಿಯೂದೇ ಇಲ್ಲ. ಐದು ವರ್ಷದ ಮ್ಯಾಲ ಅವನಿಗೆ ಮೆಟ್ಟಲು ಹತ್ತಿದರೆ ದಮ್ಮು ಬರಾಕ ಹತ್ತಿತು. ಡಾಕ್ಟರು ಎಕ್ಸ್-ರೇ ತೆಗೆಸಿ, ಧೂಳಿನ ಕೆಲಸ ಬಿಡು ಅಂದರು. ಅಂಗಡಿಯವರು ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಈಗ ಅವನು ಸ್ವಂತ ಸಣ್ಣ ಶೆಡ್ ಹಾಕ್ಯಾನ. ಅಳತಿ ತಗೊಳ್ಳೋದು, ವೈರ್ ಹಚ್ಚೋದು ಅವನ ಕೆಲಸ. ತಿಕ್ಕೋ ಹುಡುಗರಿಗೆ ಡಬ್ಬಿ ಇರೋ ಮುಖವಾಡ ಕೊಟ್ಟಾನ, ಬಯಲಾಗ ಕುಂದ್ರಸತಾನ, ಕಾಗದ ನೀರಿನಾಗ ಅದ್ದಿ ತಿಕ್ಕಸತಾನ. ನೀರು ಹಚ್ಚಿದರೆ ಧೂಳು ಏಳೂದಿಲ್ಲ. ಇಷ್ಟು ಸರಳ ಕೆಲಸ. ಅವನಿಗೆ ಯಾರೂ ಹೇಳಿರಲಿಲ್ಲ.

ಹೋದ ವರ್ಷ ಜಾತ್ರಿಗೆ ಊರಿಗೆ ಬಂದಿದ್ದ. ‘ಹಿಂದ ನಿಲ್ಲೋ, ಹಳೇ ದನಿ ಎತ್ತು’ ಅಂದೆ. ನಿಂತ. ಹಿಮ್ಮೇಳದವರು ಮುಂದಿನವನ ಉಸಿರು ಮುಗಿಯೋವಾಗ ದನಿ ಹಿಡಿದು, ಅವನು ಮತ್ತ ಉಸಿರು ತಗೊಳ್ಳೋ ತನಕ ಎಳೀಬೇಕು. ಮೊದಲು ಅವನು ಎಳೆದರೆ ನಾನು ಒಂದು ಗುಟುಕು ನೀರು ಕುಡಿದು ಬರತಿದ್ದೆ. ಆವತ್ತು ಅರ್ಧಕ್ಕ ನಿಂತಿತು. ಕೆಮ್ಮಿದ. ತಾಳದವನು, ಅದೇ ಅಂಗೈ ಸುಟ್ಟವನು, ಅವನ ಪಾಲಿನದನ್ನೂ ತಾನೇ ಎಳೆದ. ನನ್ನ ದನಿಯನ್ನ ಕಡೀ ಸಾಲಿನ ಹೆಣ್ಣುಮಗಳಿಗೆ ಮುಟ್ಟಿಸೋ ಪೀಠ ಮಾಡಿದವನ ದನಿ ಮುಂದಿನ ಸಾಲಿಗೂ ಮುಟ್ಟಲಿಲ್ಲ.

ಮಾಸ್ತರರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ವೀರಗಲ್ಲಿನಾಗ ಸತ್ತವನ ಚಿತ್ರ ಇರತೈತಿ, ಯಾವುದಕ್ಕ ಸತ್ತ ಅಂತ ಕೆತ್ತಿರತಾರ. ಹಡಗು ನಡೆಸಿದವರ ಹೆಸರು ಪೇಪರಿನಾಗ ಬಂದವು, ಬರಬೇಕಾದದ್ದೇ. ಚಾಪಿ ಹರಿದವರು, ಧೂಳು ಕುಡಿದವರು ಎಲ್ಲಿ ಬರತಾರ? ನಮ್ಮೂರಿಂದ ಈ ವರ್ಷವೂ ಹುಡುಗರು ಗೋವಾಕ್ಕ ಹೋಗ್ಯಾರ. ಕೆಲವರು ದೋಣಿ ಶೆಡ್ಡಿಗೆ, ಕೆಲವರು ನೀರಿನ ಟಾಕಿ ಮಾಡೋ ಕಡೆ, ಕೆಲವರು ಕಾರಿನ ಅಂಗಡಿಗೆ. ಅವರಪ್ಪ ಅವ್ವ ಈ ಪುಸ್ತಕ ಓದಿಸಿಕೊಂಡು ಕೇಳತಾರ ಅಂತ ಬರೀತಿದ್ದೇನೆ. ಹುಡುಗ ಫೋನ್ ಮಾಡಿದಾಗ ಊಟ ಆತೇನ ಅಂತ ಕೇಳತೀರಲ್ಲ, ಹಂಗೇ ಮುಖವಾಡ ಹಾಕ್ಕೊಂಡಿಯೇನ ಅಂತಾನೂ ಕೇಳ್ರಿ. ಡಬ್ಬಿ ಇರೋ ಮುಖವಾಡದ ರೊಕ್ಕ ಎರಡು ಮೂರು ದಿನದ ಪಗಾರ ಆದೀತು. ಅಂಗಡಿಯವರು ಕೊಡದಿದ್ದರೆ ನೀವು ಕಳಿಸ್ರಿ.

ಆ ಪೀಠವನ್ನ ವಾಚನಾಲಯಕ್ಕ ಕೊಟ್ಟಿದ್ದೇನೆ. ಕಪಾಟಿನ ಬಾಜೂ ಇಟ್ಟಾರ. ಹಿಂದಿನಿಂದ ನೋಡಿದರೆ ರೆಕ್ಸಿನ್ ಇಲ್ಲದ ಕಡೆ ಗಾಜಿನ ನಾರು ಕಾಣತಾವ. ಒಂದು ಮೂಲಿಯಲ್ಲಿ ಅವನ ಹೆಬ್ಬೆರಳಿನ ಗುರುತು ರೆಸಿನ್ನಿನೊಳಗ ಹಂಗೇ ಗಟ್ಟಿಯಾಗಿ ಉಳದೈತಿ. ಬಂದವರು ಅದನ್ನೂ ನೋಡ್ರಿ.